ಮೊಣಕೈಯ ಪಿತ್ರಾರ್ಜಿತ

ಈ ಊರಿನ ಛಾವಣಿಗಳಲ್ಲಿ ಅರ್ಧಕ್ಕರ್ಧ ನನ್ನವು. ನಂಬಿಕೆಯಿಲ್ಲದಿದ್ದರೆ ಯಾವುದಾದರೂ ದೊಡ್ಡ ಬ್ಯಾಂಕಿಗೋ ಹಳೇ ಥಿಯೇಟರಿಗೋ ಹೋಗಿ ತಲೆ ಎತ್ತಿ ನೋಡಿ. ದೀಪ ತೂಗುಬಿಟ್ಟ ಜಾಗದಲ್ಲಿ ಬಿಳಿಯ ಹೂವೊಂದು ಅರಳಿ ನಿಂತಿರುತ್ತದೆ. ಅದು ನನ್ನ ಕೈಯದು. ಪ್ಲಾಸ್ಟರ್ ಅಚ್ಚು ಹೊಯ್ಯುವ ಕಸುಬಿನಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ತೊಟ್ಟಿಲಲ್ಲೇ ಇದ್ದಾನು. ಒಮ್ಮೆ ಒಂದು ಜೇನುಹುಳು ನನ್ನ ಹೂವನ್ನು ನಿಜವೆಂದು ನಂಬಿ ಇಡೀ ಮಧ್ಯಾಹ್ನ ಅದರ ಸುತ್ತ ಗಿರಕಿ ಹೊಡೆದು, ಕೊನೆಗೆ ನಾಚಿಕೊಂಡು ಕಿಟಕಿಯಿಂದ ಆಚೆ ಹೋಯಿತು. ಸುಳ್ಳಾದರೆ ಆ ಜೇನುಹುಳುವನ್ನೇ ಕೇಳಿ.

ಕಲೆಯ ಮೇಲಿನ ಮೋಹದಿಂದ ಈ ಕಸುಬಿಗೆ ಬಂದೆ ಎಂದು ಎಲ್ಲರ ಹತ್ತಿರವೂ ಹೇಳುತ್ತೇನೆ. ಅಸಲು ಸಂಗತಿ ಬೇರೆ. ನನಗೆ ಸೋರಿಯಾಸಿಸ್ ಇದೆ. ಹುಡುಗನಾಗಿದ್ದಾಗಿನಿಂದ ಮೊಣಕೈ, ಮೊಣಕಾಲು, ಬೆನ್ನು, ನೆತ್ತಿ, ಎಲ್ಲ ಕಡೆ ಕೆಂಪು ಪಟ್ಟೆ, ಪಟ್ಟೆಯ ಮೇಲೆ ಬೆಳ್ಳಿಯಂಥ ಹಕ್ಕಳೆ. ಕೂತೆದ್ದ ಕುರ್ಚಿಯಲ್ಲಿ ಹಿಮ ಬಿದ್ದಂತಿರುತ್ತದೆ. ಮೊದಲು ಬಟ್ಟೆ ಅಂಗಡಿಯಲ್ಲಿದ್ದೆ. ಅಲ್ಲಿ ಕಪ್ಪು ಕೋಟುಗಳು ನನ್ನನ್ನು ಕಂಡರೆ ನಡುಗುತ್ತಿದ್ದವು. ಪ್ಲಾಸ್ಟರ್ ಶೆಡ್ಡಿಗೆ ಕಾಲಿಟ್ಟ ದಿನ ನೋಡಿದೆ: ಯಜಮಾನ ಬಿಳಿ, ಕೆಲಸದವರು ಬಿಳಿ, ಬೆಕ್ಕು ಕೂಡ ಬಿಳಿ. ಸಂಜೆ ಎಲ್ಲರೂ ಬಾಗಿಲಲ್ಲಿ ನಿಂತು ಗೋಣಿತಾಟಿನಿಂದ ಮೈ ಝಾಡಿಸಿಕೊಳ್ಳುತ್ತಾರೆ. ಯಾರ ಧೂಳು ಪ್ಲಾಸ್ಟರಿನದು, ಯಾರದು ಚರ್ಮದ್ದು ಎಂದು ಕೇಳುವವರಿಲ್ಲ. ಪ್ಲಾಸ್ಟರ್ ಚರ್ಮವನ್ನು ಮರಳುಗಾಡು ಮಾಡುತ್ತದೆ, ರೋಗವೂ ಹೆಚ್ಚುತ್ತದೆ, ನಿಜ. ಆದರೂ ಬಿಳಿಯರ ನಡುವೆ ಬಿಳಿಯನಾಗಿರುವ ಸುಖ ಬೇರೆಯೇ.

ಆಸ್ಪತ್ರೆಯ ಮೆಟ್ಟಿಲು ಹತ್ತಿಸಿದ್ದು ಚರ್ಮವಲ್ಲ, ಬೆರಳು. ಬೆಳಿಗ್ಗೆ ಎದ್ದರೆ ಬಲಗೈಯ ಎರಡು ಬೆರಳು ಗೆಣಸಿನಂತೆ ಊದಿ, ಮಡಚು ಎಂದರೆ ಮಡಚುವುದಿಲ್ಲ ಎಂದು ಹಠ ಹಿಡಿಯುತ್ತಿದ್ದವು. ಚರ್ಮ ವಿಭಾಗದ ಡಾಕ್ಟರು ಒಬ್ಬ ಹೆಣ್ಣುಮಗಳು. ನನ್ನ ಅರ್ಧ ವಯಸ್ಸು, ಗತ್ತು ಮಾತ್ರ ನನ್ನ ಎರಡರಷ್ಟು. ಬೆರಳು ಒತ್ತಿ ನೋಡಿದರು, ಉಗುರಿನ ಗುಳಿಗಳನ್ನು ನೋಡಿದರು. ಇದೂ ಅದೇ ಕಾಯಿಲೆ, ಈಗ ಕೀಲಿಗೆ ಇಳಿದಿದೆ ಎಂದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, "ನಿಮ್ಮ ಮನೇಲಿ ಯಾರಿಗಾದ್ರೂ ಇದು ಇದೆಯಾ?" ಎಂದು ಕೇಳಿದರು.

ಇಲ್ಲಿ ನಿಮಗೊಂದು ವಿಷಯ ತಿಳಿದಿರಲಿ. ನನ್ನ ಮನೆ ಎಂದರೆ ಒಂದು ಕೋಣೆ, ಒಂದು ಮಂಚ, ಒಂದು ಸ್ಟವ್. ಹುಟ್ಟಿದ ಕೆಲವೇ ದಿನಕ್ಕೆ ಅನಾಥಾಲಯದ ಜಗಲಿಯಲ್ಲಿ ಸಿಕ್ಕವನು ನಾನು. ಮದುವೆ ಎಂಬುದೂ ಆಗಲಿಲ್ಲ. "ಗೊತ್ತಿಲ್ಲ" ಎಂದರೆ ಮುಗಿಯುತ್ತಿತ್ತು. ಆದರೆ ಹುಟ್ಟಿದಾರಭ್ಯ ಆ ಉತ್ತರ ಕೊಟ್ಟು ಕೊಟ್ಟು ನನ್ನ ನಾಲಿಗೆ ಸವೆದುಹೋಗಿತ್ತು.

"ಯಾರಿಗಿಲ್ಲ ಅಂತ ಕೇಳಿ ಡಾಕ್ಟರಮ್ಮ!" ಎಂದೆ.

ಅವರ ಕಣ್ಣು ಅರಳಿತು. ಈ ಕಾಯಿಲೆ ಕುಟುಂಬಗಳಲ್ಲಿ ಹೇಗೆ ಹರಿದು ಬರುತ್ತದೆ ಎಂದು ಅವರು ಅಧ್ಯಯನ ಮಾಡುತ್ತಿದ್ದರಂತೆ. ಹಾಳೆ ತೆಗೆದು ಬರೆಯತೊಡಗಿದರು. ಗಂಡಸಾದರೆ ಚೌಕ, ಹೆಂಗಸಾದರೆ ವೃತ್ತ; ಕಾಯಿಲೆ ಇದ್ದರೆ ಒಳಗೆಲ್ಲ ಕಪ್ಪು. ನಾನು ಬಾಯಿ ಬಿಟ್ಟೆ ನೋಡಿ, ವಂಶ ಉಕ್ಕಿ ಹರಿಯಿತು. ಅಜ್ಜನಿಗೆ ಇತ್ತು, ಅಜ್ಜ ಬೆನ್ನು ಕೆರೆದರೆ ಪಕ್ಕದ ಮನೆಯವರು ಸಿಡಿಲೆಂದು ಕಿಟಕಿ ಮುಚ್ಚುತ್ತಿದ್ದರು. ಅಪ್ಪನಿಗೆ ಇತ್ತು. ದೊಡ್ಡಪ್ಪನಿಗೆ ಇದೆ. ಅಕ್ಕನಿಗೆ ಇದೆ. ಅತ್ತೆಗೆ ಎಷ್ಟಿತ್ತೆಂದರೆ ಅವಳನ್ನು ಮದುವೆಯಾದ ಮಾವನಿಗೂ ಇತ್ತು.

"ಮಾವನಿಗೆ ಅತ್ತೆಯಿಂದ ಅಂಟಲ್ಲ. ಇದು ಅಂಟುಜಾಡ್ಯ ಅಲ್ಲ" ಎಂದರು ಡಾಕ್ಟರಮ್ಮ.

"ಅಂಟಿದ್ದಲ್ಲ, ಅವರದ್ದು ಸ್ವಂತದ್ದು."

ಹಾಳೆಯಲ್ಲಿ ಜಾಗ ಸಾಲದೆ ಅದನ್ನು ಅಡ್ಡ ತಿರುಗಿಸಿದರು. ಬರೆದಾದ ಮೇಲೆ ತುಸು ದೂರ ಹಿಡಿದು ನೋಡಿ, "ಎಷ್ಟು ದೊಡ್ಡ ಕುಟುಂಬ ನಿಮ್ಮದು!" ಎಂದರು.

ಊರಿನ ಅರ್ಧ ಛಾವಣಿಗಳ ಒಡೆಯನಾದ ನನಗೆ ಆವರೆಗೆ ಯಾರೂ ಆ ಮಾತು ಹೇಳಿರಲಿಲ್ಲ. ಹಾಳೆಯ ಅಂಚಿನಲ್ಲಿ ನಾನಿದ್ದೆ, ಪುಟ್ಟ ಕಪ್ಪು ಚೌಕ. ನನ್ನಿಂದ ಮೇಲಕ್ಕೆ, ಪಕ್ಕಕ್ಕೆ, ಎಲ್ಲ ಕಡೆಗೂ ಗೆರೆಗಳು.

ಆಮೇಲೆ ಅವರು ಕಾಯಿಲೆಯ ಒಳಮರ್ಮ ವಿವರಿಸಿದರು. ನಮ್ಮ ರಕ್ತದಲ್ಲಿ ಕಾವಲುಗಾರರಂಥ ಬಿಳಿಕಣಗಳಿವೆಯಂತೆ. ಹೊರಗಿನ ರೋಗಾಣು ಬಂದರೆ ಹೊಡೆಯುವುದು ಅವುಗಳ ಕೆಲಸ. ನನ್ನಂಥವರಲ್ಲಿ ಅವು ನಮ್ಮ ಚರ್ಮವನ್ನೇ ಶತ್ರು ಎಂದು ತಿಳಿದು ಮುಗಿಬೀಳುತ್ತವೆ. ಆ ಗದ್ದಲಕ್ಕೆ ಚರ್ಮ ಗಾಬರಿಬಿದ್ದು, ತಿಂಗಳಿಗೊಮ್ಮೆ ಹುಟ್ಟಬೇಕಾದ ಹೊಸ ಪದರವನ್ನು ಕೆಲವೇ ದಿನಗಳಲ್ಲಿ ಹುಟ್ಟಿಸಿ ರಾಶಿ ಹಾಕುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ನನ್ನ ಸೈನ್ಯ ಅಷ್ಟು ಬಲಿಷ್ಠ ನೋಡಿ, ಎದುರಾಳಿ ಸಿಗದೆ ನನ್ನ ಮೇಲೇ ಯುದ್ಧ ಸಾರಿದೆ ಎಂದೆ. ಡಾಕ್ಟರಮ್ಮ ನಕ್ಕರು. ನಕ್ಕು, "ಯಾರನ್ನಾದ್ರೂ ಇಬ್ಬರನ್ನ ಕರ್ಕೊಂಡು ಬನ್ನಿ. ರಕ್ತ ಪರೀಕ್ಷೆ ಮಾಡೋಣ, ಯಾವ ಜೀನು ಎಲ್ಲಿಂದ ಬಂತು ನೋಡೋಣ" ಎಂದರು.

"ಇಬ್ಬರೇನು ಡಾಕ್ಟರಮ್ಮ, ಒಂದು ಬಸ್ಸೇ ಮಾಡಿಸ್ತೀನಿ."

ಹೊರಗೆ ಬಂದು ನಿಂತಾಗ ಬೆವರು ಬಂತು. ಎತ್ತು ಈಯಿತು ಎಂದವನು ನಾನು, ಕೊಟ್ಟಿಗೆಯಲ್ಲಿ ಕಟ್ಟು ಎಂದವರು ಅವರು. ಈಗ ಕರು ಎಲ್ಲಿಂದ ತರಲಿ? ತರದಿದ್ದರೆ ಆ ಹಾಳೆಯ ಮೇಲಿನ ಒಂದೊಂದೇ ಗೆರೆ ಅಳಿಸಿಹೋಗಿ ಮೂಲೆಯಲ್ಲಿ ಒಂದು ಚೌಕ ಮಾತ್ರ ಉಳಿಯುತ್ತದೆ. ಔಷಧಿ ಹೇಗೂ ಸಿಗುತ್ತಿತ್ತು. ನನಗೆ ಬೇಕಾಗಿದ್ದುದು ಆ ಹಾಳೆ.

ಚರ್ಮ ವಿಭಾಗದ ಮುಂದೆ ಉದ್ದ ಬೆಂಚಿದೆ. ಅಲ್ಲಿ ಕೂರುವವರು ನಡುವೆ ಒಬ್ಬೊಬ್ಬರ ಜಾಗ ಬಿಟ್ಟು ಕೂರುತ್ತಾರೆ. ಅಂಟುವುದಿಲ್ಲ ಎಂದು ಅವರಿಗೆಲ್ಲ ಗೊತ್ತು, ಆದರೂ ಮೈಗೆ ಅಭ್ಯಾಸವಾಗಿಬಿಟ್ಟಿದೆ. ಬೆಂಚಿನ ಕೊನೆಯಲ್ಲಿ ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಪೇಪರ್ ಓದುತ್ತಿದ್ದರು. ಎರಡೂ ಅಂಗೈ ಬಿರಿದು, ಪುಟ ಮಗುಚುವಾಗೆಲ್ಲ ಮುಖ ಕಿವುಚುತ್ತಿದ್ದರು. ಅವರ ಈಚೆಗೆ ಒಬ್ಬ ದರ್ಜಿ ಹೆಂಗಸು. ಕೊರಳಲ್ಲಿ ಅಳತೆ ಟೇಪು, ಅಷ್ಟು ಸೆಕೆಯಲ್ಲೂ ಮಣಿಕಟ್ಟಿನವರೆಗೆ ತೋಳು. ಇಬ್ಬರನ್ನೂ ಟೀ ಕುಡಿಯೋಣ ಬನ್ನಿ ಎಂದು ಆಸ್ಪತ್ರೆಯ ಕ್ಯಾಂಟೀನಿಗೆ ಕರೆದು ವಿಷಯ ಹೇಳಿದೆ.

"ಅಂದ್ರೆ ನಾನು ನಿನಗೆ ದೊಡ್ಡಪ್ಪ ಆಗಬೇಕು?" ಕಂಡಕ್ಟರ್ ಕನ್ನಡಕದ ಮೇಲಿಂದ ನೋಡಿದರು.

"ಹೂಂ."

"ಆಸ್ತಿಗೀಸ್ತಿ ಕೇಳಲ್ಲ ತಾನೇ?"

"ನಿಮ್ಮ ಆಸ್ತಿ ನನ್ನ ಮೊಣಕೈ ಮೇಲೆ ಆಗಲೇ ಬಂದಿದೆ ದೊಡ್ಡಪ್ಪ."

ಅವರು ಬಾಯಲ್ಲಿದ್ದ ಟೀ ಚೆಲ್ಲುವಷ್ಟು ನಕ್ಕರು. "ಆಗಲಿ ಬಿಡಪ್ಪಾ. ಮನೇಲಿ ನನ್ನ ಮಾತು ಕೇಳೋದು ಟಿವಿ ಒಂದೇ. ಅದೂ ನಾನು ಸುಮ್ಮನಿದ್ದಾಗ."

ದರ್ಜಿ ಹೆಂಗಸು ಮಾತ್ರ ಹುಬ್ಬು ಗಂಟಿಕ್ಕಿದಳು. "ನಾನು ಯಾರು?"

"ಅಕ್ಕ."

"ಅಕ್ಕನಾ! ಕನ್ನಡಿ ನೋಡ್ಕೊಂಡಿದ್ದೀರಾ? ನಿಮಗಿಂತ ಹತ್ತು ವರ್ಷ ಚಿಕ್ಕವಳು ನಾನು. ತಂಗಿ ಅನ್ನೋದಾದ್ರೆ ಬರ್ತೀನಿ, ಇಲ್ಲಾಂದ್ರೆ ನಿಮ್ಮ ವಂಶ ನೀವೇ ಉದ್ಧಾರ ಮಾಡ್ಕೊಳ್ಳಿ."

ಸರಿ, ಅಕ್ಕನ ಕೆಳಗೆ ಒಬ್ಬ ತಂಗಿಯೂ ಹುಟ್ಟಿದಳು. ಮುಂದಿನ ವಾರ ಡಾಕ್ಟರಮ್ಮನಿಗೆ, "ಅಯ್ಯೋ, ತಂಗಿಯನ್ನು ಹೇಳೋದೇ ಮರೆತಿದ್ದೆ, ಮನೆ ತುಂಬ ಜನ ಇದ್ದರೆ ಹೀಗೇ" ಎಂದೆ.

ರಕ್ತ ಕೊಡುವ ದಿನದವರೆಗೆ ನಾವು ಕ್ಯಾಂಟೀನಿನ ಮೂಲೆ ಮೇಜಿನಲ್ಲಿ ತಾಲೀಮು ನಡೆಸಿದೆವು. ಡಾಕ್ಟರಮ್ಮ ಏನಾದರೂ ಕೇಳಿದರೆ ಮೂವರದೂ ಒಂದೇ ಬಾಯಿ ಇರಬೇಕಲ್ಲ. "ನಮ್ಮಪ್ಪ ಹೇಗಿದ್ದ ಅಂತ ಹೇಳೋಣ?" ಎಂದೆ ನಾನು. ಹಡಗಿನ ಕಪ್ತಾನ ಎಂದು ಹೇಳುವ ಮನಸ್ಸಿತ್ತು, ಹಡಗಿನ ಹೆಸರನ್ನೂ ಯೋಚಿಸಿಟ್ಟಿದ್ದೆ.

ದರ್ಜಿ ತಂಗಿ ಟೇಪನ್ನು ಬೆರಳಿಗೆ ಸುತ್ತುತ್ತ, "ಕಪ್ತಾನನೂ ಬೇಡ, ಗಿಪ್ತಾನನೂ ಬೇಡ. ಗಡ್ಡ ಹೆರೀವಾಗ ಶಿಳ್ಳೆ ಹಾಕ್ತಿದ್ದ ಅನ್ನಿ" ಎಂದಳು. "ಕೆನ್ನೆ ಮೇಲೆ ರೇಜರ್ ಬಂದಾಗ ಶಿಳ್ಳೆ ನಿಲ್ತಿತ್ತು. ಆಮೇಲೆ ಬಿಟ್ಟ ಕಡೆಯಿಂದಲೇ ಮತ್ತೆ ಶುರು. ನಾನು ಬಾಗಿಲ ಹಿಂದೆ ನಿಂತು ಕಾಯ್ತಿದ್ದೆ, ಎಲ್ಲಾದ್ರೂ ತಪ್ತಾನಾ ಅಂತ. ಒಂದು ದಿನವೂ ತಪ್ಪಲಿಲ್ಲ."

"ನಾನೆಲ್ಲಿ ನಿಂತಿರ್ತಿದ್ದೆ?" ಎಂದು ಕೇಳಿದೆ.

ಅವಳು ನನ್ನ ಮುಖ ನೋಡಿದಳು. "ನೀನೂ ಅಲ್ಲೇ ಇದ್ದೆ ಅಣ್ಣಾ. ನನ್ನ ಹಿಂದೆ. ನನ್ನ ಜಡೆ ಎಳೀತಿದ್ದೆ" ಎಂದಳು.

"ಹಿರಿಯವನಾಗಿ ಜಡೆ ಎಳೆಯೋದಾ?" ಕಂಡಕ್ಟರ್ ಗದರಿಸಿದರು. "ಚಿಕ್ಕಂದಿನಿಂದ ಇವನು ಹಾಗೇ. ನಾನು ಇವರಪ್ಪನಿಗೆ ಎಷ್ಟು ಸಲ ಹೇಳಿದೆ, ಇವನನ್ನ ಬಸ್ ಡಿಪೋಗೆ ಸೇರಿಸು, ಮನುಷ್ಯ ಆಗ್ತಾನೆ ಅಂತ."

ಆ ರಾತ್ರಿಯಿಂದ ನನಗೊಂದು ಬಾಲ್ಯ ಬಂತು. ಕೆಲಸ ಮಾಡುತ್ತ ಶಿಳ್ಳೆ ಹಾಕತೊಡಗಿದೆ. ಶೆಡ್ಡಿನಲ್ಲಿ, "ನಮ್ಮ ತಂದೆಯಿಂದ ಬಂದಿದ್ದು" ಎಂದು ಒಬ್ಬಿಬ್ಬರಿಗೆ ಹೇಳಿಯೂ ಬಿಟ್ಟೆ. ರಕ್ತ ಕೊಡುವ ದಿನ ಮೂವರೂ ಬೆಂಚಿನ ಮೇಲೆ ನಡುವೆ ಜಾಗ ಬಿಡದೆ ಕೂತೆವು. ತಂಗಿಯ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. ಅಂಗಿಯೊಳಗೆ ಅವಳ ಪಟ್ಟೆ, ನನ್ನ ಅಂಗಿಯೊಳಗೆ ನನ್ನ ಪಟ್ಟೆ. ಲೋಕದ ರಾಜಮನೆತನಗಳೆಲ್ಲ ಅಂದು ನಮ್ಮನ್ನು ಕಂಡು ಹೊಟ್ಟೆ ಉರಿದುಕೊಂಡಿರಬೇಕು.

ಫಲಿತಾಂಶದ ದಿನ ಡಾಕ್ಟರಮ್ಮ ಮೂವರನ್ನೂ ಒಟ್ಟಿಗೆ ಒಳಗೆ ಕರೆದು ಬಾಗಿಲು ಹಾಕಿದರು. ಮೇಜಿನ ಮೇಲೆ ನನ್ನ ಆ ಹಾಳೆ ಇತ್ತು.

"ನನಗೆ ಮೊದಲೇ ಅನುಮಾನ ಬರಬೇಕಿತ್ತು" ಎಂದರು. "ಈ ಕಾಯಿಲೆ ಹೀಗೆ ಸಾಲಾಗಿ ಬರಲ್ಲ. ಒಂದು ತಲೆಮಾರು ಬಿಟ್ಟು ಬರುತ್ತೆ, ಅಪ್ಪನಲ್ಲಿ ಅಡಗಿದ್ದು ಮಗಳಲ್ಲಿ ಏಳುತ್ತೆ, ಒಂದೇ ಹೊಟ್ಟೇಲಿ ಹುಟ್ಟಿದವರಲ್ಲೂ ಒಬ್ಬರಿಗಿರುತ್ತೆ, ಇನ್ನೊಬ್ಬರಿಗಿರಲ್ಲ. ನಿಮ್ಮ ವಂಶದಲ್ಲಿ ರೇಷನ್ ಹಂಚಿದ ಹಾಗೆ ಎಲ್ಲರಿಗೂ ಬಂದಿದೆ."

ನಾವು ಮೂವರೂ ನೆಲ ನೋಡಿದೆವು.

"ನಿಮ್ಮ ಮೂವರಿಗೂ ರಕ್ತ ಸಂಬಂಧ ಇಲ್ಲ. ದಾರೀಲಿ ಹೋಗೋ ಯಾರಾದ್ರೂ ಮೂವರನ್ನ ಹಿಡಿದು ತಂದ್ರೂ ಇಷ್ಟೇ ಸಂಬಂಧ ಇರುತ್ತೆ. ಈ ಸುಳ್ಳು ನನ್ನ ಲೆಕ್ಕದಲ್ಲಿ ಸೇರಿಹೋಗಿದ್ರೆ ಏನಾಗ್ತಿತ್ತು ಗೊತ್ತಾ? ನಾಳೆ ಯಾರೋ ತಾಯಿ ಬಂದು ನನ್ನ ಮಗುಗೂ ಬರುತ್ತಾ ಅಂತ ಕೇಳಿದಾಗ ನಾನು ತಪ್ಪು ಹೇಳ್ತಿದ್ದೆ."

ಕಂಡಕ್ಟರ್ ಎದ್ದರು. "ಮೇಡಂ, ನಾನು ಸುಮ್ಮನೆ ತಮಾಷೆಗೆ... ಇವನು ಟೀ ಕೊಡಿಸ್ತಾನೆ ಅಂತ..." ಎಂದು ಹೇಳಿ, ಟಿಕೆಟ್ ಇಲ್ಲದೆ ಸಿಕ್ಕಿಬಿದ್ದ ಪ್ರಯಾಣಿಕನಂತೆ ಮೆಲ್ಲಗೆ ಬಾಗಿಲ ಕಡೆ ಸರಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ದರ್ಜಿ ಹೆಂಗಸಿನ ಮುಖ ಸುಟ್ಟಂತಾಗಿತ್ತು. "ಡಾಕ್ಟ್ರೇ, ನಾನು ಬಂದಿದ್ದೇ ಅದನ್ನ ಕೇಳೋಕೆ. ನನ್ನ ಮಗಳಿಗೆ ಬರುತ್ತಾ?" ಎಂದಳು.

ಡಾಕ್ಟರಮ್ಮನ ದನಿ ಇಳಿಯಿತು. "ಬಂದ್ರೂ ಬರಬಹುದು, ಬರದೇ ಇರೋ ಸಾಧ್ಯತೆಯೇ ಹೆಚ್ಚು. ಅವಳನ್ನ ಮುಂದಿನ ವಾರ ಕರ್ಕೊಂಡು ಬನ್ನಿ. ನಿಮ್ಮ ಮಗಳನ್ನೇ."

ಅವಳ ಹಿಂದೆಯೇ ನಾನೂ ಹೊರಗೆ ಹೋದೆ. "ತಂಗೀ..." ಎಂದೆ.

"ತಂಗಿ ಗಿಂಗಿ ಅನ್ನಬೇಡಿ." ಅವಳು ನಿಂತಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಅದೇ ಕಷ್ಟವಾಯಿತು. "ನನ್ನ ಮಗಳಿಗೋಸ್ಕರ ಇವರ ಬಾಗಿಲಿಗೆ ಬಂದವಳು ನಾನು. ಸುಳ್ಳಿ ಅನ್ನಿಸ್ಕೊಂಡು ಹೋಗ್ತಿದ್ದೀನಿ. ಇನ್ನೊಂದು ಮಾತು. ಶಿಳ್ಳೆ ಹಾಕ್ತಿದ್ದ ಅಂತ ಹೇಳಿದ್ನಲ್ಲ, ಅದು ನಮ್ಮಪ್ಪ. ನಿಜವಾಗ್ಲೂ ಇದ್ದವನು. ಅವನನ್ನ ನಿಮ್ಮಪ್ಪ ಅಂತ ಇನ್ನೆಲ್ಲೂ ಹೇಳ್ಕೊಂಡು ತಿರುಗಬೇಡಿ."

"ಇಲ್ಲ" ಎಂದೆ.

ಅವಳು ಹೋದಳು. ಮೆಟ್ಟಿಲಿಳಿಯುವಾಗ ಎಡತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು.

ನಾನೂ ಹಾಗೇ ಹೋಗಿಬಿಡಬಹುದಿತ್ತು. ಆದರೆ ಬಾಗಿಲಲ್ಲಿ ನರ್ಸ್ ನಿಂತು, "ಡಾಕ್ಟ್ರು ಕರೀತಿದ್ದಾರೆ, ನಿಮ್ಮದು ಮುಗಿದಿಲ್ವಂತೆ" ಎಂದಳು. ಒಳಗೆ ಹೋದೆ. ಹಳೇ ಹಾಳೆಯನ್ನು ಡಾಕ್ಟರಮ್ಮ ಉದ್ದಕ್ಕೆ ಹರಿದು ಬುಟ್ಟಿಗೆ ಹಾಕಿದ್ದರು. ಅಜ್ಜನ ತುದಿ ಮಾತ್ರ ಹೊರಗೆ ಕಾಣುತ್ತಿತ್ತು.

"ಈಗ ನಿಜ ಹೇಳಿ. ಯಾರಿದ್ದಾರೆ?"

"ಯಾರೂ ಇಲ್ಲ." ಅನಾಥಾಲಯದ ಜಗಲಿಯ ವಿಷಯ ಹೇಳಿದೆ. ಜಗಲಿಗೆ ಅಮೃತಶಿಲೆ ಹಾಸಿತ್ತು ಎಂದು ಸೇರಿಸುವ ಮನಸ್ಸಾಯಿತು, ನಾಲಿಗೆ ಏಳಲಿಲ್ಲ.

ಅವರು ಪೆನ್ನಿನ ಮುಚ್ಚಳ ತೆಗೆದರು. ಹೊಸ ಹಾಳೆಯ ನಟ್ಟನಡುವೆ ಒಂದು ಚೌಕ ಬರೆದು ಕಪ್ಪು ತುಂಬಿಸಿದರು. ಅಷ್ಟು ದೊಡ್ಡ ಬಿಳಿಯಲ್ಲಿ ಅಷ್ಟೇ. ಗೋಡೆಗೆ ಕೂತ ನೊಣದಂತಿದ್ದೆ. ನಾನು ಎದ್ದೆ.

"ಕೂತ್ಕೊಳ್ಳಿ, ಇನ್ನೂ ಇದೆ" ಎಂದು ಚೌಕದಿಂದ ಮೇಲಕ್ಕೆ ಗೆರೆ ಎಳೆದರು. ಗೆರೆಯ ತುದಿಗೆ ಒಂದು ಅಡ್ಡಗೆರೆ, ಅದರ ಒಂದು ಕಡೆ ಚೌಕ, ಇನ್ನೊಂದು ಕಡೆ ವೃತ್ತ. ಎರಡರೊಳಗೂ ಪ್ರಶ್ನೆಯ ಗುರುತು.

"ಇವರು ಯಾರು?"

"ನಿಮ್ಮ ಅಪ್ಪ, ಅಮ್ಮ."

"ಅವರ ವಿಷಯ ಏನೂ ಗೊತ್ತಿಲ್ಲ ಅಂದ್ನಲ್ಲ."

"ಅದಕ್ಕೇ ಪ್ರಶ್ನೆ ಹಾಕಿದ್ದು. ಗೊತ್ತಿಲ್ಲ ಅಂದ್ರೆ ಇಲ್ಲ ಅಂತಲ್ಲ. ಇವರನ್ನ ಬಿಟ್ಟು ನಿಮ್ಮನ್ನ ಬರೆಯೋಕೆ ಬರಲ್ಲ." ಅವರು ರಕ್ತದ ವರದಿಯನ್ನು ಹತ್ತಿರ ಎಳೆದುಕೊಂಡರು. "ನಿಮ್ಮ ಮಾತೆಲ್ಲ ಸುಳ್ಳು, ರಕ್ತ ಮಾತ್ರ ನಿಜ ಹೇಳಿದೆ. ಈ ಕಾಯಿಲೆಗೆ ದಾರಿ ಮಾಡೋ ಜೀನುಗಳು ತುಂಬ ಇವೆ. ಅದರಲ್ಲಿ ಮುಖ್ಯವಾದದ್ದು ಒಂದು ನಿಮ್ಮಲ್ಲಿದೆ. ಒಂದೇ ಪ್ರತಿ. ಅಂದ್ರೆ ಇವರಿಬ್ಬರಲ್ಲಿ ಒಬ್ಬರಿಂದ ಬಂದಿದೆ."

"ಯಾರಿಂದ?"

"ಹೇಳೋಕಾಗಲ್ಲ."

"ಅವರಿಗೂ ಇತ್ತಾ? ಮೊಣಕೈ ಮೇಲೆ?"

"ಅದೂ ಹೇಳೋಕಾಗಲ್ಲ. ಈ ಜೀನು ಇರೋರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ಏನೂ ಆಗಲ್ಲ. ಒಳಗೆ ಒಣ ಸೌದೆ ಇದ್ದ ಹಾಗೆ, ಕಿಡಿ ಬೀಳಬೇಕು. ನಿಮಗೆ ಮೊದಲ ಸಲ ಬಂದಾಗ ಗಂಟಲು ನೋವು, ಜ್ವರ ಏನಾದ್ರೂ ಇತ್ತಾ?"

ಇತ್ತು. ಅನಾಥಾಲಯದ ಉದ್ದ ಕೋಣೆಯಲ್ಲಿ ಆ ಚಳಿಗಾಲ ಎಲ್ಲ ಮಕ್ಕಳಿಗೂ ಗಂಟಲು ಕಟ್ಟಿತ್ತು. ಸಾಲಾಗಿ ಮಲಗಿಸಿ ಕಹಿ ಔಷಧಿ ಕುಡಿಸಿದ್ದರು. ಉಳಿದವರೆಲ್ಲ ವಾರದಲ್ಲಿ ಎದ್ದು ಆಡಲು ಹೋದರು. ನನ್ನ ಮೈಮೇಲೆ ಮಳೆಹನಿ ಬಿದ್ದಂತೆ ಕೆಂಪು ಚುಕ್ಕೆಗಳೆದ್ದವು. ಆಮೇಲೆ ನನ್ನ ಹಾಸಿಗೆಯನ್ನು ಬಾಗಿಲ ಹತ್ತಿರ ಬೇರೆ ಹಾಕಿದರು.

"ಆ ಗಂಟಲಿನ ರೋಗಾಣು ಕಿಡಿ" ಎಂದರು. "ಅದನ್ನ ಹೊಡೆಯೋಕೆ ಎದ್ದ ಕಾವಲುಗಾರರು ಚರ್ಮದ ಮೇಲೂ ಬಿದ್ರು, ಆಮೇಲೆ ನಿಲ್ಲಲೇ ಇಲ್ಲ. ಎಲ್ಲ ಮಕ್ಕಳಿಗೂ ಕಿಡಿ ಬಿದ್ದಿತ್ತು. ಸೌದೆ ನಿಮ್ಮೊಳಗೆ ಇತ್ತು."

ಅಲ್ಲಿಯವರೆಗೆ ನಾನು ತಿಳಿದಿದ್ದೇನೆಂದರೆ, ಅಪ್ಪ ಅಮ್ಮ ನನಗೆ ಏನನ್ನೂ ಬಿಟ್ಟು ಹೋಗಿಲ್ಲ. ಹೆಸರಿಲ್ಲ, ಬಟ್ಟೆಯ ತುಂಡಿಲ್ಲ. ಈಗ ನೋಡಿದರೆ ಯಾರೋ ಒಬ್ಬರು, ತಮಗೂ ಗೊತ್ತಿಲ್ಲದೆ, ಯಾರೂ ಕಿತ್ತುಕೊಳ್ಳಲಾಗದ ಜಾಗದಲ್ಲಿ ಒಂದನ್ನು ಇಟ್ಟು ಹೋಗಿದ್ದಾರೆ. ಅದು ನನ್ನನ್ನು ಇಷ್ಟು ವರ್ಷ ಕೆರೆದು ಕೆರೆದು ತಿಂದಿದೆ. ಆದರೂ ಅದು ಕೊಟ್ಟದ್ದೇ.

ಹಾಳೆಯನ್ನು ಕೊಡಿ ಎಂದು ಕೇಳಿದೆ. ಆಸ್ಪತ್ರೆಯ ಕಡತಕ್ಕೆ ಸೇರಿದ್ದು, ಕೊಡುವಂತಿಲ್ಲ ಎಂದರು. ಆದರೆ ನನ್ನ ಕಡೆಗೆ ತಿರುಗಿಸಿ ಇಟ್ಟು, ತಾವು ಔಷಧಿ ಚೀಟಿ ಬರೆಯತೊಡಗಿದರು. ಬೆರಳಿಗೆ ಮಾತ್ರೆ, ಚರ್ಮಕ್ಕೆ ಮುಲಾಮು, ಮುಂದೆ ಬೇಕಾದರೆ ಸೂಜಿ. ನಾನು ನೋಡುತ್ತ ಕೂತೆ. ಗಡಿಬಿಡಿಯಲ್ಲಿ ಬರೆದ ವೃತ್ತದ ಗೆರೆ ಕೂಡಿರಲಿಲ್ಲ. ಕೆಳಗೆ, ಬಲಕ್ಕೆ, ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು. ಎಸಳಿನ ಅಂಚಿನಲ್ಲಿ ಗಾಳಿಗುಳ್ಳೆ ಉಳಿದರೂ ಹೂವನ್ನೇ ಒಡೆದು ಮತ್ತೆ ಹೊಯ್ಯುವವನು ನಾನು.

"ಡಾಕ್ಟರಮ್ಮ, ಅಮ್ಮನ ಗೆರೆ ಕೂಡಿಲ್ಲ."

ಅವರು ಬಗ್ಗಿ ನೋಡಿದರು. ನಗಲಿಲ್ಲ. ಪೆನ್ನಿನಿಂದ ಆ ಸಂದನ್ನು ಮುಚ್ಚಿದರು. "ಸರಿಯಾಯ್ತಾ?"

"ಸರಿಯಾಯ್ತು" ಎಂದೆ.

ಹೊರಗೆ ಬೆಂಚಿನ ಮೇಲೆ ಯಾರ್ಯಾರೋ ಇದ್ದರು, ನಡುನಡುವೆ ಜಾಗ ಬಿಟ್ಟು. ನನ್ನ ಹತ್ತಿರ ಇಷ್ಟು ದೊಡ್ಡ ಸುದ್ದಿ ಎಂದೂ ಇರಲಿಲ್ಲ. ಉಪ್ಪು ಖಾರ ಏನೂ ಬೇಕಿರಲಿಲ್ಲ, ಇದ್ದ ಹಾಗೇ ಹೇಳಿದರೆ ಸಾಕಿತ್ತು. ಯಾರಿಗೆ ಹೇಳುವುದು ಎಂದು ನಿಂತು ನೋಡಿದೆ, ಆಮೇಲೆ ನಡೆದೆ.

ಶೆಡ್ಡಿನಲ್ಲಿ ಸಂಜೆಯ ಝಾಡಿಸುವಿಕೆ ನಡೆದಿತ್ತು. ಯಜಮಾನ ಗೋಣಿತಾಟನ್ನು ಕೈಯಲ್ಲಿ ಹಿಡಿದೇ, "ಬಂದ ನೋಡ್ರಪ್ಪ ಮಹಾರಾಜ. ಏನಯ್ಯಾ, ಏನಂದ್ರು ಆಸ್ಪತ್ರೇಲಿ?" ಎಂದ. ಉಳಿದವರೂ ಕೈ ನಿಲ್ಲಿಸಿ ನನ್ನ ಬಾಯಿ ನೋಡಿದರು. ಇನ್ನೇನು ಸುಳ್ಳಿನ ಮಳೆ ಶುರುವಾಗುತ್ತದೆ ಎಂದು ಆಗಲೇ ನಗು ತಂದುಕೊಂಡಿದ್ದರು.

"ಮುಲಾಮು ಕೊಟ್ಟರು" ಎಂದೆ.

"ಅಷ್ಟೇನಾ?"

"ಅಷ್ಟೇ."

ಅವರಿಗೆ ನಿರಾಸೆಯಾಯಿತು. ಒಬ್ಬೊಬ್ಬರಾಗಿ ಹೊರಟರು. ನಾನು ಬಕೆಟ್ಟಿಗೆ ನೀರು ಹಿಡಿದು, ನಾಳೆಯ ಹೂವಿಗೆ ಅಚ್ಚನ್ನು ತೊಳೆಯಲು ಕೂತೆ. ಶಿಳ್ಳೆ ತುಟಿಯವರೆಗೆ ಬಂತು. ಹಾಕಲಿಲ್ಲ.